ಸ್ಟೀರಿಂಗ್ ಹಗುರಾದಾಗ

ನೆನೆದ ರಸ್ತೆಯ ತಿರುವಿನಲ್ಲಿ ಕಾರಿನ ಮುಂದಿನ ಚಕ್ರಗಳು ಹಿಡಿತ ಕಳೆದುಕೊಳ್ಳುವಾಗ ಅದು ಮೊದಲು ತಿಳಿಯುವುದು ಕಣ್ಣಿಗಲ್ಲ, ಕೈಗೆ. ಅಲ್ಲಿಯವರೆಗೆ ಬಿಗಿಯಾಗಿದ್ದ ಸ್ಟೀರಿಂಗ್ ಸಟ್ಟನೆ ಹಗುರಾಗುತ್ತದೆ. ತಿರುವಿನಲ್ಲಿ ಓಡುವ ಟೈರು ಸದಾ ನೇರವಾಗಲು ಹವಣಿಸುತ್ತಿರುತ್ತದೆ. ಅಂಗೈಗೆ ಭಾರವೆನಿಸುವುದು ಆ ಎಳೆತವೇ. ಟೈರು ಜಾರತೊಡಗಿದಂತೆ ಎಳೆತ ಕುಗ್ಗುತ್ತದೆ, ಅದೂ ಹಿಡಿತ ಪೂರ್ತಿ ತಪ್ಪುವುದಕ್ಕೆ ತುಸು ಮೊದಲೇ. ಚಾಲಕನಿಗೆ ಸಾವರಿಸಿಕೊಳ್ಳಲು ಸಿಗುವ ಸಮಯ ಅಷ್ಟೇ. ಈ ಒಂದು ಸೂಚನೆ ಮನೆಯ ಟಿವಿಯ ಮುಂದಿನ ಆಟಕ್ಕೆ ಬಂದು ತಲುಪಲು ದಶಕಗಳೇ ಹಿಡಿದವು.

ದೂರದ ವಸ್ತುವಿನ ಭಾರವನ್ನು ಕೈಗೆ ಮುಟ್ಟಿಸುವ ವಿದ್ಯೆ ಹುಟ್ಟಿದ್ದು ಆಟಕ್ಕಾಗಿ ಅಲ್ಲ, ಪರಮಾಣು ಪ್ರಯೋಗಾಲಯದಲ್ಲಿ. ಅಮೆರಿಕದ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ವಿಕಿರಣ ಸೂಸುವ ವಸ್ತುಗಳನ್ನು ದಪ್ಪ ಗೋಡೆಯ ಈಚೆ ನಿಂತು ನಿಭಾಯಿಸಬೇಕಿತ್ತು. ಎಂಜಿನಿಯರ್ ರೇಮಂಡ್ ಗೋರ್ಟ್ಜ್ ಅದಕ್ಕಾಗಿ ಯಾಂತ್ರಿಕ ಕೈಗಳನ್ನು ರೂಪಿಸಿದರು. 1950ರ ದಶಕದಲ್ಲಿ ಅವುಗಳಿಗೆ ವಿದ್ಯುತ್ ಮೋಟಾರುಗಳು ಬಂದವು. ಆಚೆಯ ಕೈಗೆ ಏನಾದರೂ ತಡೆದರೆ ಈಚೆ ಹಿಡಿದವರ ಕೈಗೂ ಆ ತಡೆ ತಿಳಿಯುತ್ತಿತ್ತು. ಮುಂದೆ ಆಟದ ಸ್ಟೀರಿಂಗ್ ಮಾಡಿದ್ದೂ ಇದನ್ನೇ, ಗೋಡೆಯ ಆಚೆ ಇರುವುದು ನಿಜವಾದ ವಸ್ತುವಲ್ಲ, ಲೆಕ್ಕ ಎಂಬುದಷ್ಟೇ ವ್ಯತ್ಯಾಸ.

ಆಟಗಳು ಮೊದಲು ಕಲಿತದ್ದು ನಡುಗುವುದನ್ನು. 1976ರಲ್ಲಿ ಸೆಗಾ ಕಂಪನಿ ತಂದ ‘ಮೋಟೊ-ಕ್ರಾಸ್’ ಯಂತ್ರದಲ್ಲಿ ಬೈಕು ಡಿಕ್ಕಿ ಹೊಡೆದರೆ ಹ್ಯಾಂಡಲ್ ಅದುರುತ್ತಿತ್ತು. 1997ರಲ್ಲಿ ನಿಂಟೆಂಡೊ 64 ಮತ್ತು ಪ್ಲೇಸ್ಟೇಷನ್ನಿನ ಕೈಹಿಡಿಗಳಿಗೆ ಬಂದದ್ದೂ ನಡುಕವೇ. ಆದರೆ ನಡುಕ ಹೇಳುವುದು ಆಗಿಹೋದದ್ದನ್ನು. ಡಿಕ್ಕಿಯಾಯಿತು, ರಸ್ತೆ ಬಿಟ್ಟಾಯಿತು ಎನ್ನುತ್ತದೆ. ಆಗಲಿರುವುದನ್ನು ಹೇಳಬೇಕಾದರೆ ಚಕ್ರವು ಕೈಗೆ ಎದುರಾಗಿ ತಳ್ಳಬೇಕು, ಬೇಕಾದ ಗಳಿಗೆಯಲ್ಲಿ ತಳ್ಳುವುದನ್ನು ಬಿಡಲೂಬೇಕು.

1989ರಲ್ಲಿ ಅಟಾರಿ ಗೇಮ್ಸ್ ಆ ಕೆಲಸಕ್ಕೆ ಕೈಹಾಕಿತು. ಅದರ ‘ಹಾರ್ಡ್ ಡ್ರೈವಿನ್’ ಯಂತ್ರದಲ್ಲಿ ಕೀಲಿ, ಕ್ಲಚ್, ಗೇರ್ ಎಲ್ಲವೂ ಇದ್ದವು. ಸ್ಟೀರಿಂಗಿಗೆ ಮೋಟಾರು ಇತ್ತು. ಕಾರು ಹೇಗೆ ವರ್ತಿಸಬೇಕು ಎಂಬ ಲೆಕ್ಕಕ್ಕೆ ನೆರವಾದವರು ವಾಹನ ಚಲನಶಾಸ್ತ್ರದ ತಜ್ಞ ಡಗ್ ಮಿಲಿಕನ್. ಮುಂದೆ ಅವರೂ ಅವರ ತಂದೆಯೂ ಸೇರಿ ಬರೆದ ಪುಸ್ತಕ ರೇಸ್ ಕಾರು ಎಂಜಿನಿಯರುಗಳ ಕೈಪಿಡಿಯಾಯಿತು. ಮೋಟಾರು ಇದ್ದರೆ ಸಾಲದು, ಟೈರನ್ನು ಬಲ್ಲವರು ಬೇಕು ಎಂಬುದು ಆಗಲೇ ಗೊತ್ತಾಗಿತ್ತು.

ಮನೆಯ ಕನ್ಸೋಲಿನಲ್ಲಿ ಈ ಅನುಭವ ನೆಲೆಯಾದದ್ದು 2001ರಲ್ಲಿ, ಪ್ಲೇಸ್ಟೇಷನ್ 2ರ ‘ಗ್ರಾನ್ ಟುರಿಸ್ಮೊ 3’ ಜೊತೆಗೆ ಬಂದ ಲಾಜಿಟೆಕ್ ಕಂಪನಿಯ ‘ಜಿಟಿ ಫೋರ್ಸ್’ ಚಕ್ರದಿಂದ. ಆದರೆ ಅದು ಎರಡೂ ಬದಿಗೆ ಸೇರಿ ಹೆಚ್ಚುಕಡಿಮೆ ಅರ್ಧ ಸುತ್ತಷ್ಟೇ ತಿರುಗುತ್ತಿತ್ತು. ಕೆಲವೇ ವರ್ಷಗಳಲ್ಲಿ ಬಂದ ‘ಡ್ರೈವಿಂಗ್ ಫೋರ್ಸ್ ಪ್ರೊ’ 900 ಡಿಗ್ರಿ, ಅಂದರೆ ಎರಡೂವರೆ ಸುತ್ತು ತಿರುಗಿತು. ರಸ್ತೆಯ ಕಾರುಗಳ ಅಳತೆಗೆ ಅದು ಹತ್ತಿರ.

ಉಳಿದದ್ದು ಮೋಟಾರಿಗೂ ಕೈಗೂ ನಡುವಿನ ದೂರವನ್ನು ಕಡಿಮೆ ಮಾಡುವ ಕಥೆ. ಮೊದಮೊದಲ ಚಕ್ರಗಳಲ್ಲಿ ಪುಟ್ಟ ಮೋಟಾರಿನ ಬಲ ಹಲ್ಲುಗಾಲಿಗಳ ಮೂಲಕ ಬರುತ್ತಿತ್ತು. ಹಲ್ಲುಗಳ ಸದ್ದು, ಸಡಿಲು ಎಲ್ಲವೂ ಅದರೊಂದಿಗೆ ಸೇರುತ್ತಿದ್ದವು. ಬೆಲ್ಟ್ ಬಂದಾಗ ಚಕ್ರ ನುಣುಪಾಯಿತು. ಕೊನೆಗೆ ಸ್ಟೀರಿಂಗನ್ನು ನೇರವಾಗಿ ಮೋಟಾರಿನ ದಂಡಕ್ಕೇ ಕೂರಿಸಿದರು. ಹಲ್ಲುಗಾಲಿಯ ಚಕ್ರಗಳ ಬಲ ಸುಮಾರು 2 ನ್ಯೂಟನ್ ಮೀಟರಿನಷ್ಟಿದ್ದರೆ, 2022ರಲ್ಲಿ ಬಂದ ಲಾಜಿಟೆಕ್‌ನ ‘ಜಿ ಪ್ರೊ’ ಚಕ್ರದ್ದು 11.

ಈ ಹೆಚ್ಚುವರಿ ಬಲ ಕೈಯನ್ನು ದಣಿಸಲಿಕ್ಕಲ್ಲ. ದುರ್ಬಲ ಮೋಟಾರು ಬಹುಬೇಗ ತನ್ನ ಮಿತಿ ಮುಟ್ಟುತ್ತದೆ. ಅಲ್ಲಿಂದಾಚೆ ಸಾಧಾರಣ ಭಾರವೂ ದೊಡ್ಡ ಭಾರವೂ ಒಂದೇ ಆಗಿ ತೋರುತ್ತವೆ, ನಡುವಿನ ಸೂಕ್ಷ್ಮಗಳು ಅಳಿಸಿಹೋಗುತ್ತವೆ. ಸೆಟ್ಟಿಂಗಿನಲ್ಲಿ ಬಲವನ್ನು ಪೂರ್ತಿ ಏರಿಸಿಕೊಂಡ ಎಷ್ಟೋ ಆಟಗಾರರು ಚಕ್ರ ಬಿಗಿಯಾಯಿತೆಂದು ಹಿಗ್ಗುತ್ತಾರೆ, ಅದು ಮಾತು ನಿಲ್ಲಿಸಿದ್ದನ್ನು ಗಮನಿಸುವುದಿಲ್ಲ.

ಆಟದಲ್ಲಿ ಕಲಿತದ್ದು ನಿಜವಾದ ರಸ್ತೆಯಲ್ಲಿ ನಿಲ್ಲುತ್ತದೆಯೇ? 2008ರಲ್ಲಿ ಸೋನಿ ಮತ್ತು ನಿಸಾನ್ ‘ಜಿಟಿ ಅಕಾಡೆಮಿ’ ಶುರುಮಾಡಿದ್ದು ಈ ಪ್ರಶ್ನೆಗೆ ಉತ್ತರ ಹುಡುಕಿಯೇ. ಮೊದಲ ವಿಜೇತ, ಸ್ಪೇನಿನ ಲೂಕಾಸ್ ಒರ್ಡೋನ್ಯೆಸ್, 2011ರ ಲೆ ಮಾನ್ 24 ಗಂಟೆಗಳ ಓಟದಲ್ಲಿ ತಮ್ಮ ತಂಡದೊಂದಿಗೆ ಎಲ್‌ಎಂಪಿ2 ವಿಭಾಗದ ಎರಡನೇ ಸ್ಥಾನ ಪಡೆದರು. ಅವರನ್ನು ಆಟದಿಂದ ನೇರವಾಗಿ ಓಟಕ್ಕೆ ಇಳಿಸಲಿಲ್ಲ, ನಡುವೆ ನಿಜವಾದ ಟ್ರ್ಯಾಕಿನ ತರಬೇತಿ ಇತ್ತು. ಬ್ರೇಕು ಒತ್ತಿದಾಗ ಎದೆಗೆ ಬಿಗಿಯುವ ಬೆಲ್ಟು, ಹಿಂದಿನ ಚಕ್ರ ಜಾರಿದಾಗ ಸೊಂಟಕ್ಕೆ ತಿಳಿಯುವ ಓಲಾಟ, ತಪ್ಪಿದರೆ ಏನಾದೀತೆಂಬ ಅಳುಕು, ಇವು ಯಾವುವೂ ಮನೆಯ ಕುರ್ಚಿಗೆ ಬರುವುದಿಲ್ಲ. ಇಡೀ ಕಾರಿನ ಸಮಾಚಾರವನ್ನು ಅಲ್ಲಿ ಎರಡು ಅಂಗೈಗಳೇ ಕೇಳಿಸಿಕೊಳ್ಳಬೇಕು.

ಗೋರ್ಟ್ಜ್ ಅವರ ಯಂತ್ರ ಹಿಡಿದವರ ಸ್ಥಿತಿಯೂ ಬೇರೆಯಾಗಿರಲಿಲ್ಲ. ಅವರ ಮೈ ಗೋಡೆಯ ಈಚೆ ಸುರಕ್ಷಿತವಾಗಿತ್ತು, ಅಪಾಯದ ಸುದ್ದಿ ಮಾತ್ರ ಕೈಗೆ ಬರುತ್ತಿತ್ತು.