ಆಯಿಲ್ ಕುಡಿದ ಕೆಮ್ಮಣ್ಣು

ನಮ್ಮ ತಾತ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಮೇಸ್ತ್ರಿ. ಪಾಯ ತೋಡಿದ ಮಣ್ಣನ್ನು ಒಂದು ಹಿಡಿ ನೆನೆಸಿ, ಉಂಡೆ ಕಟ್ಟಿ, ಎದೆಮಟ್ಟದಿಂದ ಕೆಳಕ್ಕೆ ಬಿಡುತ್ತಿದ್ದರು. ಉಂಡೆ ಚಪ್ಪಟೆಯಾಗಬಹುದು, ಪುಡಿಯಾಗಬಾರದು. ಆಮೇಲೆ ಮೂಸುತ್ತಿದ್ದರು. ಅವರ ಕಾಲದ ಭಯ ತಿಪ್ಪೆ, ಚರಂಡಿಯ ಮಣ್ಣಿನದು.

1892ರಲ್ಲಿ ಚಾಮರಾಜಪೇಟೆ, 1898ರ ಪ್ಲೇಗಿನ ಬೆನ್ನಿಗೆ ಬಸವನಗುಡಿ, ಮಲ್ಲೇಶ್ವರ ಹುಟ್ಟಿಕೊಂಡವು. ಆ ಹಳೆಯ ಮನೆಗಳನ್ನು ಕೆಡವುವಾಗ ನೋಡಿದ್ದೇನೆ: ಮೇಲೆ ಸುಣ್ಣದ ಗಾರೆ, ಒಳಗೆ ಇಟ್ಟಿಗೆಗಳ ನಡುವೆ ಬರೀ ಕೆಮ್ಮಣ್ಣು. ರಾತ್ರಿ ನೆನೆಹಾಕಿ ಬೆಳಗ್ಗೆ ಕಾಲಲ್ಲಿ ತುಳಿದ ಮಣ್ಣು. ಕೆಡವಿದ ಗೋಡೆಯ ಮಣ್ಣು ಕಸವಲ್ಲ, ನೀರು ಹಾಕಿದರೆ ಮತ್ತೆ ಗೋಡೆಗೆ ಬರುತ್ತಿತ್ತು. ಸಿಮೆಂಟಿಗೆ ಆ ಭಾಗ್ಯವಿಲ್ಲ.

ಮನೆಗಳ ಹಿಂದೆ ಮಲದ ಗಾಡಿ ಓಡಾಡಲೆಂದು ಕನ್ಸರ್ವೆನ್ಸಿ ಗಲ್ಲಿ ಬಿಟ್ಟಿದ್ದರು. ಒಳಚರಂಡಿ ಬಂದ ಮೇಲೆ ಅದಕ್ಕೆ ಕೆಲಸವಿಲ್ಲದಾಯಿತು. ಇತ್ತ ಕಲಾಸಿಪಾಳ್ಯದ ಬಸ್ಸು, ಲಾರಿ, ಅತ್ತ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳು. ನಾನು ಚಡ್ಡಿ ಹಾಕುವ ಹೊತ್ತಿಗೆ ನಮ್ಮ ಗಲ್ಲಿಯಲ್ಲೂ ಮೆಕ್ಯಾನಿಕ್ ಕೂತಿದ್ದ. ಸೀಮೆಎಣ್ಣೆ, ಡೀಸೆಲ್‌ನಲ್ಲಿ ಸಾಮಾನು ತೊಳೆದು ಅಲ್ಲೇ ನೆಲಕ್ಕೆ ಚೆಲ್ಲುವನು. ಅವನನ್ನು ಬಯ್ಯಲು ನಮಗೆ ಬಾಯಿಲ್ಲ. ಗೆದ್ದಲಿಗೆ ಮದ್ದೆಂದು ಅವನ ಕಪ್ಪು ಆಯಿಲನ್ನೇ ಡಬ್ಬದಲ್ಲಿ ತಂದು ಬಾಗಿಲ ಚೌಕಟ್ಟಿನ ಬುಡಕ್ಕೆ ಸುರಿದವರು ನಾವು.

ನಾನು ಇಂಜಿನಿಯರಾಗಿ ಎಷ್ಟೋ ವರ್ಷಗಳಾದ ಮೇಲೆ, ಹಿಂದೆ ಗ್ಯಾರೇಜಿದ್ದ ಸೈಟಿನಲ್ಲಿ ಪಾಯ ತೆಗೆಸಿದೆ. ಮೊಣಕಾಲುದ್ದ ಇಳಿದರೂ ಕೆಂಪು ಕಾಣಲಿಲ್ಲ, ಇದ್ದಿಲಿನ ಬಣ್ಣ. ಮೇಸ್ತ್ರಿ ನೀರು ಹುಯ್ದು ಕಾದ. "ಸಾರ್, ಈ ಮಣ್ಣು ನೀರೇ ಕುಡೀತಿಲ್ಲ ನೋಡಿ." ನೀರು ಮಣಿಮಣಿಯಾಗಿ ಮೇಲೇ ನಿಂತಿತ್ತು.

ಅವನು ಹೇಳಿದ್ದಕ್ಕಿಂತ ಹೆಚ್ಚಿನದನ್ನು ಪುಸ್ತಕವೂ ಹೇಳುವುದಿಲ್ಲ. ಜೇಡಿಯ ಕಣ ಅಂಟಾಗುವುದು ನೀರಿನಿಂದ. ಎಣ್ಣೆಯ ಪೊರೆ ಕೂತರೆ ನೀರು ಅದನ್ನು ಮುಟ್ಟದು. ಕಣಕ್ಕೆ ಕಣ ತಡೆಯಾಗಿ ನಿಲ್ಲುವ ಬದಲು ಜಾರುತ್ತದೆ, ಭಾರ ಹೊರುವ ಶಕ್ತಿ ಕುಗ್ಗುತ್ತದೆ. ದಿಮ್ಮಸು ಹೊಡೆದರೂ ಸರಿಯಾಗಿ ಗಟ್ಟಿಯಾಗದು. ಸಿಮೆಂಟ್ ಬೆರೆಸಿ ಮಣ್ಣಿನ ಇಟ್ಟಿಗೆ ಒತ್ತೋಣವೆಂದರೆ ಸಿಮೆಂಟಿಗೂ ಹಿಡಿತ ಸಿಗದು. ಪೆಟ್ರೋಲಾದರೆ ಬಹುಪಾಲು ಆವಿಯಾಗಿ ಹೋದೀತು, ಡೀಸೆಲ್ ಆಳಕ್ಕಿಳಿಯುತ್ತದೆ, ಇಂಜಿನ್ ಆಯಿಲ್ ಮಾತ್ರ ಹೋಗುವ ಮನಸ್ಸನ್ನೇ ಮಾಡುವುದಿಲ್ಲ.

ಒಳ್ಳೆಯ ನೆಲ ಸಿಗುವವರೆಗೆ ತೋಡಿಸಿ, ಹೊರಗಿನಿಂದ ಮಣ್ಣು ತರಿಸಿ ತುಂಬಿಸಿದೆ. ಕೆಮ್ಮಣ್ಣಿನ ಪೇಟೆಗೆ ಕೆಮ್ಮಣ್ಣು ಲಾರಿಯಲ್ಲಿ ಬಂತು! ಬೇರೆ ಸೈಟಾಗಿದ್ದರೆ ತೋಡಿದ ಮಣ್ಣಿಗೆ ಅಕ್ಕಪಕ್ಕದವರು ಬುಟ್ಟಿ ಹಿಡಿದು ಬರುತ್ತಿದ್ದರು. ಇದನ್ನು ಕೇಳುವವರಿರಲಿಲ್ಲ. ಲಾರಿಯವನು ಒಂದು ಹಿಡಿ ಎತ್ತಿ, ಥೇಟ್ ನಮ್ಮ ತಾತನ ಹಾಗೆ ಮೂಸಿ, ಬಾಡಿಗೆಯ ಮೇಲೆ ಇನ್ನೂರು ಹೆಚ್ಚು ಕೇಳಿದ. ಕೊಟ್ಟೆ. ಎಲ್ಲಿ ಸುರಿದು ಬಂದೆ ಎಂದು ಮಾತ್ರ ಕೇಳಲಿಲ್ಲ.