ಹಳ್ಳಗಳ ಲೆಕ್ಕ ಹಿಡಿದ ವಿಜ್ಞಾನ

ಬಿಸಿಲೆ ಘಾಟಿಯ ಬೆಟ್ಟದ ಏಣಿನ ಮೇಲೆ ಬಿದ್ದ ಮಳೆ ಎರಡು ದಾರಿ ಹಿಡಿಯುತ್ತದೆ. ಪಡುವಣಕ್ಕೆ ಇಳಿದ ನೀರು ಕುಮಾರಧಾರಾ, ನೇತ್ರಾವತಿಗಳ ಮೂಲಕ ಅರಬ್ಬೀ ಸಮುದ್ರ ಸೇರುತ್ತದೆ. ಮೂಡಣಕ್ಕೆ ಇಳಿದದ್ದು ಹೇಮಾವತಿ, ಕಾವೇರಿಗಳ ಜೊತೆ ಹೊರಟು ಬಂಗಾಳ ಕೊಲ್ಲಿಯವರೆಗೂ ನಡೆಯುತ್ತದೆ. ಏಣಿನಿಂದ ಏಣಿನವರೆಗಿನ ಇಂಥ ಬೊಗಸೆಯೇ ಜಲಾನಯನ ಪ್ರದೇಶ. ಅದರೊಳಗಿನ ಝರಿ, ತೊರೆ, ಹಳ್ಳ, ಹೊಳೆಗಳ ಜೋಡಣೆಯಲ್ಲಿ ಒಂದು ಕ್ರಮವಿದೆಯೇ ಎಂದು ಹುಡುಕುತ್ತಾ ವಿಜ್ಞಾನ ಇನ್ನೂರು ವರ್ಷ ಕಳೆದಿದೆ. ಆ ಹುಡುಕಾಟ ದೊಡ್ಡ ನದಿಯಿಂದ ಶುರುವಾಗಿ ಹೆಸರಿಲ್ಲದ ಹಳ್ಳದವರೆಗೆ ಬಂದದ್ದೇ ಅದರ ನಿಜವಾದ ಸಾಧನೆ.

ಕಣಿವೆಗಳು ಭೂಮಿ ಬಿರಿದು ಆದವು, ಇಲ್ಲವೇ ಮಹಾಪ್ರಳಯ ಕೊರೆದವು ಎಂಬ ನಂಬಿಕೆ ಗಟ್ಟಿಯಾಗಿದ್ದ ಕಾಲವೊಂದಿತ್ತು. ಅದನ್ನು ಅಲುಗಿಸಿದವರಲ್ಲಿ ಎಡಿನ್‌ಬರೋದ ಗಣಿತಜ್ಞ ಜಾನ್ ಪ್ಲೇಫೇರ್ ಮುಖ್ಯರು. ತೀರಿಕೊಂಡಿದ್ದ ಗೆಳೆಯ ಜೇಮ್ಸ್ ಹಟನ್ ಅವರ ಸಿದ್ಧಾಂತವನ್ನು ವಿವರಿಸಲು 1802ರಲ್ಲಿ ಅವರೊಂದು ಪುಸ್ತಕ ಬರೆದರು. ಉಪನದಿಗಳು ಸಾಮಾನ್ಯವಾಗಿ ಮುಖ್ಯ ನದಿಗೆ ಧುಮುಕದೆ, ಅದರ ಮಟ್ಟದಲ್ಲೇ ಬಂದು ಕೂಡುತ್ತವೆ. ಪ್ರತಿ ಹೊಳೆಯೂ ತನ್ನ ಗಾತ್ರಕ್ಕೆ ತಕ್ಕ ಕಣಿವೆಯಲ್ಲಿ ಹರಿಯುತ್ತದೆ. ಇಷ್ಟು ಹೊಂದಾಣಿಕೆ ಆಕಸ್ಮಿಕವಾಗಿರಲಾರದು, ಕಣಿವೆಯನ್ನು ಕೊರೆದದ್ದು ಅದೇ ನೀರು ಎಂಬುದು ಅವರ ವಾದ. ಉಪಕರಣವಿಲ್ಲದೆ, ಬರಿಗಣ್ಣಿನ ನೋಟದಿಂದ ಹುಟ್ಟಿದ ಈ ತರ್ಕ ನನಗೆ ಇಂದಿಗೂ ಬೆರಗು.

ಮುಂದೆ ಅಮೆರಿಕದ ಭೂವಿಜ್ಞಾನಿಗಳಾದ ಪೊವೆಲ್, ಗಿಲ್ಬರ್ಟ್, ಡೇವಿಸ್ ಬಂದರು. ಡೇವಿಸ್ ನೆಲಕ್ಕೆ ಯೌವನ, ಪ್ರೌಢತೆ, ಮುಪ್ಪು ಎಂಬ ಅವಸ್ಥೆಗಳನ್ನು ಕೊಟ್ಟರು. ಕಥನ ಸೊಗಸಾಗಿತ್ತು, ಅಳತೆ ಇರಲಿಲ್ಲ.

ಅಳತೆ ತಂದವರು ಎಂಜಿನಿಯರ್ ರಾಬರ್ಟ್ ಹಾರ್ಟನ್. 1945ರ ಮಾರ್ಚ್‌ನಲ್ಲಿ ಅವರ ದೀರ್ಘ ಪ್ರಬಂಧ ಪ್ರಕಟವಾಯಿತು. ಮರುತಿಂಗಳೇ ಅವರು ತೀರಿಕೊಂಡರು. ಅದಕ್ಕೂ ಮೊದಲು ಯುರೋಪಿನಲ್ಲಿ ಮುಖ್ಯ ನದಿಗೆ ಒಂದನೇ ದರ್ಜೆ ಕೊಡುವ ರೂಢಿಯಿತ್ತು. ಹಾರ್ಟನ್ ಅದನ್ನು ತಿರುಗಿಸಿ, ಕವಲಿಲ್ಲದ ತುದಿಯ ಹಳ್ಳಕ್ಕೆ ಒಂದನೇ ದರ್ಜೆ ಕೊಟ್ಟರು. 1950ರ ದಶಕದಲ್ಲಿ ಆರ್ಥರ್ ಸ್ಟ್ರಾಲರ್ ಕ್ರಮವನ್ನು ಸರಳಗೊಳಿಸಿದರು: ಎರಡು ಒಂದನೇ ದರ್ಜೆಯವು ಕೂಡಿದರೆ ಎರಡನೇ ದರ್ಜೆ, ಎರಡು ಎರಡನೆಯವು ಕೂಡಿದರೆ ಮೂರನೆಯದು. ಹೀಗೆ ಎಣಿಸಿದಾಗ ಪ್ರತಿ ದರ್ಜೆಯ ತೊರೆಗಳ ಸಂಖ್ಯೆ ಅದರ ಮೇಲಿನ ದರ್ಜೆಯದ್ದರ ಸುಮಾರು 3ರಿಂದ 5 ಪಟ್ಟು ಇರುವುದು ಕಂಡಿತು. ನಾಲ್ಕು ಪಟ್ಟು ಎಂದಿಟ್ಟುಕೊಳ್ಳೋಣ: ನಾಲ್ಕನೇ ದರ್ಜೆಯ ಒಂದು ಹೊಳೆಯ ಕೆಳಗೆ 4, 16, 64. ಒಟ್ಟು 85ರಲ್ಲಿ 64 ಕೇವಲ ತುದಿಯ ಹಳ್ಳಗಳು.

ಈ ನಿಯಮಕ್ಕೆ ಪೆಟ್ಟು ಬೀಳದೆ ಇರಲಿಲ್ಲ. ಕವಲುಗಳನ್ನು ಯಾದೃಚ್ಛಿಕವಾಗಿ ಜೋಡಿಸಿದರೂ ಇಂಥದೇ ಅನುಪಾತ ಬರುತ್ತದೆ ಎಂದು 1966ರಲ್ಲಿ ರೊನಾಲ್ಡ್ ಶ್ರೀವ್ ತೋರಿಸಿದರು. ಕಲ್ಪಿಸಬಹುದಾದ ಜಾಲಗಳೆಲ್ಲವೂ ಬಹುಮಟ್ಟಿಗೆ ಈ ನಿಯಮಕ್ಕೆ ಒಗ್ಗುತ್ತವೆ, ಆದ್ದರಿಂದ ಅದು ನೆಲದ ಬಗ್ಗೆ ವಿಶೇಷವಾದದ್ದೇನನ್ನೂ ಹೇಳದು ಎಂದು 1993ರಲ್ಲಿ ಜೇಮ್ಸ್ ಕಿರ್ಚ್‌ನರ್ ವಾದಿಸಿದರು. ವಾದ ಸರಿಯೆಂದೇ ನನ್ನ ಎಣಿಕೆ. ಆದರೆ ಅದರಿಂದ ತುದಿಯ ಹಳ್ಳಗಳ ಸಂಖ್ಯೆಯೇನೂ ಕಡಿಮೆಯಾಗುವುದಿಲ್ಲ.

ಗಣಕಯಂತ್ರ ಬಂದ ಮೇಲೆ ಕೆಲಸದ ರೀತಿಯೇ ಬದಲಾಯಿತು. ಎತ್ತರದ ಅಂಕಿಗಳ ಚೌಕಜಾಲದಲ್ಲಿ ಪ್ರತಿ ಚೌಕದ ನೀರು ಸುತ್ತಲಿನ ಎಂಟರಲ್ಲಿ ಅತಿ ಕಡಿದಾಗಿ ಇಳಿಯುವ ಕಡೆಗೆ ಹರಿಯುತ್ತದೆ ಎಂಬ ಸರಳ ವಿಧಾನ 1984ರಲ್ಲಿ ಬಂತು. 2000ದ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ ಭೂಮಿಯ ಬಹುಪಾಲು ನೆಲದ ಎತ್ತರವನ್ನು ರೇಡಾರ್‌ನಿಂದ ಅಳೆಯಿತು. ಆದರೂ ಒಂದು ತೊಡಕು ಉಳಿದಿದೆ: ನಕ್ಷೆ ಒರಟಾದಷ್ಟೂ ಮೊದಲು ಮಾಯವಾಗುವುದು ಒಂದನೇ ದರ್ಜೆಯ ಹಳ್ಳಗಳೇ. ನಕ್ಷೆಯಲ್ಲಿಲ್ಲದ ಹಳ್ಳವನ್ನು ಮುಚ್ಚುವುದು ಸುಲಭ.

ಬೆಂಗಳೂರಿನ ರಾಜಕಾಲುವೆಗಳೂ ಇಂಥ ಜಾಲವೇ. ಏಣುಗಳ ಮೇಲೆ ಕುಳಿತ ಈ ಊರಿನಲ್ಲಿ ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ, ವೃಷಭಾವತಿ ಕಣಿವೆಗಳು ತುದಿಯಿಂದಲೇ ಹುಟ್ಟುತ್ತವೆ. ಒಂದು ಕೆರೆಯ ಕೋಡಿ ಹರಿದು ಮುಂದಿನ ಕೆರೆ ತುಂಬುತ್ತಿತ್ತು. ಇಲ್ಲಿನ ಯೋಜನೆಗಳಲ್ಲಿ ದೊಡ್ಡ ಕಾಲುವೆ ಪ್ರಾಥಮಿಕ, ಸಣ್ಣದು ತೃತೀಯ. ಹಾರ್ಟನ್ ತಿರುಗಿಸಿಟ್ಟ ಕ್ರಮ ಮತ್ತೆ ಹಳೆಯ ಕಡೆಗೇ ತಿರುಗಿದೆ. ಪರಿಷ್ಕೃತ ಮಾಸ್ಟರ್ ಪ್ಲಾನ್-2015ರ ಪ್ರಕಾರ ಪ್ರಾಥಮಿಕಕ್ಕೆ 50 ಮೀಟರ್, ದ್ವಿತೀಯಕ್ಕೆ 25, ತೃತೀಯಕ್ಕೆ 15 ಮೀಟರ್ ಕಾಯ್ದಿಟ್ಟ ಜಾಗ. 2016ರಲ್ಲಿ ಹಸಿರು ನ್ಯಾಯಮಂಡಳಿ ತೃತೀಯಕ್ಕೆ 25 ಮೀಟರ್ ವಿಧಿಸಿತು; 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿತು. ಸಂಖ್ಯೆಯಲ್ಲಿ ಎಲ್ಲಕ್ಕಿಂತ ಹೆಚ್ಚಿರುವ ಕಾಲುವೆಗೆ ಉಳಿದದ್ದು ಎಲ್ಲಕ್ಕಿಂತ ಕಡಿಮೆ ನೆಲ.