ಬಂದೂಕಿನ ಕತ್ತಿನಲ್ಲಿ ಬರೆದ ಚರಿತ್ರೆ

ತಾಲ್ಲೂಕು ಖಜಾನೆಯ ಬಾಗಿಲಲ್ಲೋ ಪೊಲೀಸ್ ಠಾಣೆಯ ಪಹರೆಯಲ್ಲೋ ಮರದ ಹಿಡಿಯ ಉದ್ದನೆಯ ಬಂದೂಕೊಂದನ್ನು ನಮ್ಮಲ್ಲಿ ಅನೇಕರು ನೋಡಿರುತ್ತಾರೆ. ಪೇದೆಗಳ ಬಾಯಲ್ಲಿ ಅದು 'ತ್ರೀ ನಾಟ್ ತ್ರೀ'. ನಳಿಗೆಯ ಒಳ ಅಳತೆ 0.303 ಅಂಗುಲ, ಅಂದರೆ 7.7 ಮಿಲಿಮೀಟರ್. ಹೆಸರು ಬಂದದ್ದು ಅದರಿಂದಲೇ. ತೂಕ ಸುಮಾರು 4 ಕಿಲೋ. ಉತ್ತರ ಪ್ರದೇಶದ ಪೊಲೀಸರು 2020ರ ಗಣರಾಜ್ಯೋತ್ಸವದ ಪಥಸಂಚಲನದಲ್ಲಿ ಇದನ್ನು ಹೊತ್ತು ನಡೆದು, ಅದಕ್ಕೆ ವಿಧ್ಯುಕ್ತವಾಗಿಯೇ ವಿದಾಯ ಹೇಳಿದರು.

ನಮಗೆ ಹಳತಾದ ಈ ಬಂದೂಕು ಬ್ರಿಟನ್, ಆಸ್ಟ್ರೇಲಿಯಾ, ಅಮೆರಿಕಗಳ ಸಂಗ್ರಾಹಕರಿಗೆ ಪ್ರಿಯವಾದ ವಸ್ತು. ಅವರು ಹುಡುಕುವುದು ಹೊಳಪನ್ನಲ್ಲ, ಉಕ್ಕಿನ ಮೇಲೆ ಒತ್ತಿದ ಸಣ್ಣ ಸಣ್ಣ ಠಸ್ಸೆಗಳನ್ನು. ಶಾಸನ ಓದುವವರು ಕಲ್ಲನ್ನು ಓದುವಂತೆ ಅವರು ಬಂದೂಕನ್ನು ಓದುತ್ತಾರೆ. ಭಾರತದಲ್ಲಿದ್ದ ಬಂದೂಕುಗಳನ್ನು ಹಾಗೆ ಓದುತ್ತ ಹೋದರೆ ತಿಳಿಯುವುದು ಬರೀ ತಯಾರಿಕೆಯ ವಿವರವಲ್ಲ. ಆಳುವವರು ಆಳಿಸಿಕೊಳ್ಳುವವರನ್ನು ಎಷ್ಟರಮಟ್ಟಿಗೆ ನಂಬಿದ್ದರು ಎಂಬ ಲೆಕ್ಕವೂ ಅಲ್ಲಿ ಸಿಗುತ್ತದೆ.

ಎನ್‌ಫೀಲ್ಡ್ ಎಂಬ ಊರು

ಇದರ ಪೂರ್ಣ ಹೆಸರು ಲೀ ಎನ್‌ಫೀಲ್ಡ್. ಸ್ಕಾಟ್ಲೆಂಡಿನಲ್ಲಿ ಹುಟ್ಟಿ, ಕೆನಡಾದಲ್ಲಿ ಬೆಳೆದು, ಅಮೆರಿಕದಲ್ಲಿ ನೆಲೆಸಿದ ಜೇಮ್ಸ್ ಪ್ಯಾರಿಸ್ ಲೀ ಇದರ ಬೋಲ್ಟ್ ಮತ್ತು ಮ್ಯಾಗಜಿನ್ ರೂಪಿಸಿದವನು. ಎನ್‌ಫೀಲ್ಡ್ ಎಂಬುದು ಲಂಡನ್ನಿನ ಉತ್ತರಕ್ಕಿರುವ ಊರು. ಅಲ್ಲಿ ಸರ್ಕಾರಿ ಬಂದೂಕು ಕಾರ್ಖಾನೆಯಿತ್ತು. ರಾಯಲ್ ಎನ್‌ಫೀಲ್ಡ್ ಮೋಟಾರ್ ಸೈಕಲ್ಲಿನ ಹೆಸರಿಗೂ ಈ ಕಾರ್ಖಾನೆಗೂ ನಂಟಿದೆ. ಆ ಕಂಪನಿ ಮೊದಲು ಇಲ್ಲಿಗೆ ಬಿಡಿಭಾಗಗಳನ್ನು ಒದಗಿಸುತ್ತಿತ್ತು.

ಭಾರತೀಯರು ಎನ್‌ಫೀಲ್ಡ್ ಹೆಸರನ್ನು ಅದಕ್ಕೂ ಮೊದಲೇ ಕೇಳಿದ್ದರು. 1857ರಲ್ಲಿ ಸಿಪಾಯಿಗಳು ಬಾಯಿಂದ ಕಚ್ಚಲು ಒಪ್ಪದ, ಹಸು ಮತ್ತು ಹಂದಿಯ ಕೊಬ್ಬು ಸವರಿದೆಯೆಂದು ಸುದ್ದಿ ಹಬ್ಬಿದ ತೋಟಾ ಎನ್‌ಫೀಲ್ಡ್ ಬಂದೂಕಿನದೇ. ದಂಗೆ ಅಡಗಿದ ಮೇಲೆ ಸರ್ಕಾರ ಎಚ್ಚರಗೊಂಡಿತು. ಭಾರತೀಯ ಸಿಪಾಯಿಗಳಿಗೆಂದು ನಳಿಗೆಯೊಳಗೆ ಸುರುಳಿ ಗೀರುಗಳಿಲ್ಲದ ಎನ್‌ಫೀಲ್ಡ್‌ಗಳನ್ನು ಮಾಡಿಸಿತು. ಗುಂಡು ತಿರುಗುತ್ತ ನೇರ ಸಾಗುವುದು ಆ ಗೀರುಗಳಿಂದ. ಅವಿಲ್ಲದಿದ್ದರೆ ಗುಂಡು ದೂರದ ಗುರಿ ಮುಟ್ಟುವುದು ಅನಿಶ್ಚಿತ. ಮುಂದೆಯೂ ಬ್ರಿಟಿಷ್ ಸೈನಿಕನ ಕೈಗೆ ಹೊಸ ಬಂದೂಕು ಬಂದಾಗ, ಭಾರತೀಯ ಸೈನಿಕನಿಗೆ ಅದರ ಹಿಂದಿನ ಮಾದರಿ ಸಿಗುತ್ತಿತ್ತು. ಜನಸಾಮಾನ್ಯರಿಗೆ 1878ರ ಶಸ್ತ್ರಾಸ್ತ್ರ ಕಾಯ್ದೆ ಅಡ್ಡ ಬಂತು.

ಠಸ್ಸೆ ಓದುವ ಬಗೆ

ತ್ರೀ ನಾಟ್ ತ್ರೀ ಬಂದೂಕಿನ ಬಲಗಡೆ, ಬೋಲ್ಟಿನ ಹಿಡಿಕೆಯ ಕೆಳಗೆ, ಹಿಂಬದಿಯ ಮರ ಉಕ್ಕಿಗೆ ಸೇರುವಲ್ಲಿ ಒಂದು ಪಟ್ಟಿಯಿದೆ. ಅದನ್ನು ಬಂದೂಕಿನ ಕತ್ತು ಎನ್ನಬಹುದು. ಮೇಲೆ ಕಿರೀಟ, ಅದರ ಕೆಳಗೆ ದೊರೆಯ ಹೆಸರಿನ ಅಕ್ಷರ, ಆಮೇಲೆ ಕಾರ್ಖಾನೆಯ ಹೆಸರು, ವರ್ಷ, ಮಾದರಿ.

ಮಾದರಿಯ ಅಂಕಿಯ ಪಕ್ಕದಲ್ಲಿ ಒಂದು ಪುಟ್ಟ ನಕ್ಷತ್ರವಿದ್ದರೆ ಅದರ ಹಿಂದೆ ಮಹಾಯುದ್ಧದ ಕಥೆಯಿದೆ. 1907ರಲ್ಲಿ ಬಂದ ಮೂರನೆಯ ಮಾದರಿಯಲ್ಲಿ, ಹತ್ತು ಗುಂಡುಗಳ ಮ್ಯಾಗಜಿನ್ನನ್ನು ಮುಚ್ಚಿಡುವ ಒಂದು ತಗಡು ಇತ್ತು. ಸೈನಿಕ ಒಂದೊಂದೇ ಗುಂಡು ತುಂಬಿ ಹಾರಿಸಬೇಕು, ಹತ್ತನ್ನು ಆಪತ್ಕಾಲಕ್ಕೆ ಉಳಿಸಬೇಕು ಎಂಬುದು ಅದರ ಉದ್ದೇಶ. ಬಹು ದೂರದ ಗುಂಪಿಗೆ ಗುರಿಯಿಡಲು ಪಕ್ಕದಲ್ಲಿ ಬೇರೆ ಸಾಧನವೂ ಇತ್ತು. ಕಂದಕಗಳ ಯುದ್ಧದಲ್ಲಿ ಇವೆರಡಕ್ಕೂ ಕೆಲಸವಿರಲಿಲ್ಲ. ಬೇಗ ಬೇಗ ಬಂದೂಕು ತಯಾರಿಸಲೆಂದು 1916ರಲ್ಲಿ ಅವನ್ನು ಕೈಬಿಡಲಾಯಿತು. ಹಾಗೆ ಸರಳಗೊಂಡ ಬಂದೂಕಿನ ಗುರುತು ಆ ನಕ್ಷತ್ರ.

ಕಾರ್ಖಾನೆಯ ಹೆಸರು ಇಷಾಪುರ ಎಂದಿದ್ದರೆ ಬಂದೂಕು ನಮ್ಮ ನೆಲದಲ್ಲಿ ತಯಾರಾದದ್ದು. ಕೋಲ್ಕತ್ತದ ಉತ್ತರಕ್ಕೆ, ಹೂಗ್ಲಿ ನದಿಯ ದಡದಲ್ಲಿ ಹಿಂದೆ ಸಿಡಿಮದ್ದಿನ ಕಾರ್ಖಾನೆಯಿದ್ದ ಜಾಗದಲ್ಲಿ 1904ರಲ್ಲಿ ಬಂದೂಕಿನ ಕಾರ್ಖಾನೆ ತಲೆಯೆತ್ತಿತು. ಇಂಗ್ಲೆಂಡಿನ ಬಂದೂಕಿನಲ್ಲಿ ಜಿ.ಆರ್. ಎಂಬ ಎರಡೇ ಅಕ್ಷರ. ಅಂದರೆ ಜಾರ್ಜ್ ದೊರೆ. ಇಷಾಪುರದ್ದರಲ್ಲಿ ಜಿ.ಆರ್.ಐ. ಆ ಕೊನೆಯ ಅಕ್ಷರ 'ಚಕ್ರವರ್ತಿ' ಎಂಬ ಲ್ಯಾಟಿನ್ ಪದದ್ದು. ತನ್ನ ನಾಡಿನಲ್ಲಿ ದೊರೆಯಾದವನು ಇಲ್ಲಿ ಚಕ್ರವರ್ತಿ!

ನಂಬಿಕೆ ಮತ್ತು ಅಪನಂಬಿಕೆ

ಅಗತ್ಯ ಬಿದ್ದಾಗ ಅಪನಂಬಿಕೆ ಕರಗಿತು. 1914ರ ಶರತ್ಕಾಲದಲ್ಲಿ ಭಾರತೀಯ ಪಡೆಗಳು ಫ್ರಾನ್ಸಿನ ಮಾರ್ಸೇಲ್ಸ್ ಬಂದರಿನಲ್ಲಿ ಇಳಿದಾಗ, ಅವರು ತಂದಿದ್ದ ಬಂದೂಕುಗಳನ್ನು ಪಡೆದುಕೊಂಡು ಹೊಸ ಮಾದರಿಯವನ್ನು ಕೊಡಲಾಯಿತು. ಹೊಸ ಆಯುಧ ಕೈಗೆ ರೂಢಿಯಾಗುವ ಮುನ್ನವೇ ಅನೇಕರು ರಣರಂಗದಲ್ಲಿದ್ದರು. ಆ ಯುದ್ಧದಲ್ಲಿ ಸೇವೆ ಸಲ್ಲಿಸಿದ ಭಾರತೀಯರು 13 ಲಕ್ಷಕ್ಕೂ ಹೆಚ್ಚು. ಸತ್ತವರು ಸುಮಾರು 74,000.

ಯುದ್ಧ ಮುಗಿದ ಮೇಲೆ ಅಪನಂಬಿಕೆ ಮರಳಿತು. ಇಷಾಪುರದಲ್ಲಿ ಹಲವು ಲೀ ಎನ್‌ಫೀಲ್ಡ್‌ಗಳ ನಳಿಗೆಯನ್ನು ಕೊರೆದು, ಗೀರುಗಳಿಲ್ಲದಂತೆ ಮಾಡಿ, 0.410 ಅಂಗುಲಕ್ಕೆ ಹಿಗ್ಗಿಸಲಾಯಿತು. ಮ್ಯಾಗಜಿನ್ ಇರಬೇಕಾದ ಕಡೆ ಮರದ ತುಂಡು ಕೂರಿಸಲಾಯಿತು. ಇವು ಪೊಲೀಸರಿಗೆ, ಕಾವಲುಗಾರರಿಗೆ. ಒಮ್ಮೆಗೆ ಒಂದೇ ಗುಂಡು. ಸೇನೆಯ ತೋಟಾ ಕದ್ದು ತಂದರೂ ಇದರಲ್ಲಿ ಕೆಲಸಕ್ಕೆ ಬಾರದು. ಹೊರನೋಟಕ್ಕೆ ಅದು ಪೂರ್ಣ ಬಂದೂಕು. ಒಳಗಿನ ಆ ಮರದ ತುಂಡು ಸರ್ಕಾರದ ಮನಸ್ಸಿನಲ್ಲಿದ್ದ ಅಂಜಿಕೆಯ ಗುರುತು.

ಗಣರಾಜ್ಯವಾದ ಮೇಲೆ ಇಷಾಪುರದ ಬಂದೂಕಿನ ಕತ್ತಿನಿಂದ ಕಿರೀಟ ಇಳಿಯಿತು, ಅಶೋಕನ ಸಿಂಹಗಳು ಬಂದವು. ಬಂದೂಕು ಮಾತ್ರ ಅದೇ. 1962ರಲ್ಲಿ ಹಿಮಾಲಯದ ಗಡಿಯಲ್ಲಿ ನಮ್ಮ ಯೋಧರು, ಪ್ರತಿ ಗುಂಡಿಗೂ ಬೋಲ್ಟ್ ಎಳೆಯಬೇಕಾದ ಈ ಬಂದೂಕು ಹಿಡಿದೇ ಚೀನಾದ ಸ್ವಯಂಚಾಲಿತ ಆಯುಧಗಳನ್ನು ಎದುರಿಸಿದರು. ಮರುವರ್ಷ ಇಷಾಪುರ ಇದೇ ವಿನ್ಯಾಸದಲ್ಲಿ 7.62 ಮಿಲಿಮೀಟರ್ ತೋಟಾದ '2ಎ' ಬಂದೂಕನ್ನು ತಂದಿತು. ಹಳೆಯ ತ್ರೀ ನಾಟ್ ತ್ರೀಯನ್ನೇ ತಿದ್ದಿ ಇದನ್ನು ಮಾಡಲಾಯಿತೆಂದು ಬಹಳ ಜನ ನಂಬಿದ್ದುಂಟು. ಅದು ತಪ್ಪು. ಇನ್ನೂ ಗಟ್ಟಿಯಾದ ಉಕ್ಕಿನಿಂದ ಅವನ್ನು ಹೊಸದಾಗಿಯೇ ತಯಾರಿಸಲಾಯಿತು.

ಠಸ್ಸೆಗಳನ್ನು ಓದುವವನು ಮೋಸ ಹೋಗದಂತೆಯೂ ಎಚ್ಚರ ವಹಿಸಬೇಕು. ಬೋಲ್ಟ್, ನಳಿಗೆ ಮತ್ತು ಮೈಯ ಮೇಲಿನ ಕ್ರಮಸಂಖ್ಯೆಗಳು ಒಂದೇ ಆಗಿದ್ದರೆ ಬೆಲೆ ಹೆಚ್ಚು. ಆ ಆಸೆಗೆ ಸಂಖ್ಯೆಯನ್ನು ಹೊಸದಾಗಿ ಒತ್ತುವವರೂ ಇದ್ದಾರೆ. ಆದರೆ ಸಂಖ್ಯೆಗಳು ಕೂಡಲಿಲ್ಲವೆಂದ ಮಾತ್ರಕ್ಕೆ ಬಂದೂಕು ನಕಲಿಯಲ್ಲ. ಮುರಿದದ್ದನ್ನು ರಿಪೇರಿ ಮಾಡಿ ಮತ್ತೆ ದುಡಿಸಿದ್ದರ ಸಾಕ್ಷಿಯೂ ಅದಾಗಿರಬಹುದು.

ನಮ್ಮಲ್ಲಿ ಈ ಹವ್ಯಾಸಕ್ಕೆ ಅವಕಾಶ ಕಡಿಮೆ. ಸೇನೆಯ ತೋಟಾ ಬಳಸುವ ತ್ರೀ ನಾಟ್ ತ್ರೀ 'ನಿಷೇಧಿತ ಬೋರ್'ಗೆ ಸೇರಿದ್ದು. ಸಾಮಾನ್ಯ ನಾಗರಿಕ ಇಟ್ಟುಕೊಳ್ಳುವಂತಿಲ್ಲ. ಅದು ಸರಿಯೂ ಹೌದು. ಆದರೆ ಓದುವುದಕ್ಕೆ ಬಂದೂಕು ಮನೆಯಲ್ಲಿರಬೇಕಿಲ್ಲ. ಸೇವೆ ಮುಗಿಸಿದ ಬಂದೂಕುಗಳನ್ನು ಕುಲುಮೆಗೆ ಹಾಕುವ ಮುನ್ನ ಕತ್ತಿನ ಮೇಲಿನ ನಾಲ್ಕು ಸಾಲುಗಳನ್ನು ಬರೆದಿಟ್ಟುಕೊಂಡು, ಮಾದರಿಗೆ ಒಂದರಂತೆ ವಸ್ತುಸಂಗ್ರಹಾಲಯಕ್ಕೆ ಕಳಿಸಿದರೆ ಸಾಕು. ಕರಗಿದ ಉಕ್ಕಿನಲ್ಲಿ ಅಕ್ಷರ ಉಳಿಯುವುದಿಲ್ಲ.

ಇಷ್ಟೆಲ್ಲ ಹೇಳುವ ಬಂದೂಕು ಒಂದು ವಿಷಯದಲ್ಲಿ ಮೂಕ. ದೊರೆ ಯಾರು, ಕಾರ್ಖಾನೆ ಯಾವುದು, ಯಾವ ವರ್ಷ ಎಂದೆಲ್ಲ ಅದು ಹೇಳುತ್ತದೆ. ಅದನ್ನು ಹೊತ್ತು ನಡೆದವನ ಹೆಸರು ಅದರ ಮೇಲೆ ಸಾಮಾನ್ಯವಾಗಿ ಇರುವುದಿಲ್ಲ. ನಮ್ಮ ಊರುಗಳ ಎಷ್ಟೋ ವೀರಗಲ್ಲುಗಳು ತುರು ಕಾಯಲು ಹೋಗಿ ಸತ್ತವನ ಹೆಸರನ್ನು ಸಾವಿರ ವರ್ಷದಿಂದ ಕಾಪಾಡಿಕೊಂಡು ಬಂದಿವೆ. ಚಕ್ರವರ್ತಿಯ ಉಕ್ಕಿಗೆ ಅಷ್ಟು ಮಾತ್ರ ಸಾಧ್ಯವಾಗಲಿಲ್ಲ.